ಕೂಡಲಿಯಿಂದ ಹಿಂದಕ್ಕೆ

ಇಬ್ಬರು ಸಾಹುಕಾರರಲ್ಲಿ ಸಾಲ ತಂದವನು ಎರಡನ್ನೂ ಒಂದೇ ಪುಟದಲ್ಲಿ ಬರೆದಿಟ್ಟರೆ ಒಟ್ಟು ಋಣವೇನೋ ತಿಳಿಯುತ್ತದೆ. ಯಾರಿಗೆ ಎಷ್ಟು ಸಲ್ಲಬೇಕೆಂಬುದು ಮಾತ್ರ ತಿಳಿಯುವುದಿಲ್ಲ. ಕಾಗದದ ಖಾತೆ ಪುಸ್ತಕದಲ್ಲಿ ಇಂಥ ಪ್ರಮಾದವಾಗಬೇಕಾದರೆ ಗುಮಾಸ್ತನು ಪುಟಗಟ್ಟಲೆ ತಪ್ಪು ಬರೆಯಬೇಕಾಗಿತ್ತು. ಗಣಕಯಂತ್ರದ ಕಾಲದಲ್ಲಿ ಅದಕ್ಕೆ ಬೆರಳಿನ ಒಂದು ಒತ್ತು ಸಾಕು.

ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ಅಂಗಡಿಗಳ ಲೆಕ್ಕ ಬರೆಯುವವರು ಈಗ ಅನೇಕರು. ಅಂಥ ತರುಣಿಯೊಬ್ಬಳ ಪಾಲಿಗೆ ಒಂದು ಬೇಕರಿಯ ಲೆಕ್ಕ ಬಂದಿತ್ತು. ಮಾಲೀಕನಿಗೆ ಎರಡು ಕ್ರೆಡಿಟ್ ಕಾರ್ಡುಗಳು. ಕ್ವಿಕ್‌ಬುಕ್ಸ್ ತಂತ್ರಾಂಶದಲ್ಲಿ ಎರಡಕ್ಕೂ ಒಂದೊಂದು ಖಾತೆ. ಹೆಸರಿನ ಕೊನೆಯ ನಾಲ್ಕು ಅಂಕೆಗಳಲ್ಲಿ ಮಾತ್ರ ಭೇದ. ಒಂದರ ಹೆಸರನ್ನು ತಿದ್ದಲು ಹೊರಟವಳು ಕೈತಪ್ಪಿ ಇನ್ನೊಂದರ ಹೆಸರನ್ನೇ ಬರೆದಳು. ಈ ಹೆಸರು ಆಗಲೇ ಇದೆ, ಎರಡನ್ನೂ ಕೂಡಿಸಬೇಕೆ, ಎಂದು ಯಂತ್ರ ಕೇಳಿತು. ಅವಸರದಲ್ಲಿದ್ದವಳು ಆಗಲಿ ಎಂದಳು.

ಕೂಡಲಿಯನ್ನು ದಾಟಿದ ಮೇಲೆ ತುಂಗೆಯ ನೀರಾವುದು, ಭದ್ರೆಯ ನೀರಾವುದು? ಕೂಡಿಸಿದ ಖಾತೆಗಳನ್ನು ಬಿಡಿಸುವ ಗುಂಡಿಯೊಂದು ಆ ತಂತ್ರಾಂಶದಲ್ಲಿಲ್ಲ.

ವಿಚಿತ್ರವೆಂದರೆ, ಇಷ್ಟಾದರೂ ಲೆಕ್ಕ ತಾಳೆಯಾಗಿಯೇ ಇತ್ತು! ಒಂದು ಕಾರ್ಡಿನ ಬಾಕಿ 1,240 ಡಾಲರು, ಇನ್ನೊಂದರದು 760. ಕೂಡಿದ ಖಾತೆಯಲ್ಲಿ 2,000. ಸುಳ್ಳೇನೂ ಇಲ್ಲ. 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ತನ್ನ ಗಣಿತಗ್ರಂಥದಲ್ಲಿ ಲೂಕಾ ಪಾಚೋಲಿ ವಿವರಿಸಿದ ಜೋಡಿ ನಮೂದಿನ ಪದ್ಧತಿ ಖರ್ಚಿಗೂ ಜಮೆಗೂ ಅಂತರ ಬಂದರೆ ಕೂಗಿ ಹೇಳುತ್ತದೆ. ಒಬ್ಬನ ಸಾಲ ಮತ್ತೊಬ್ಬನ ಹೆಸರಿನಲ್ಲಿ ಕುಳಿತರೆ ಅದು ಮೌನಿ. ಅಪಾಯವಿದ್ದುದು ಈ ಮೌನದಲ್ಲಿಯೇ. ಒಂದೇ ದಿನ, ಒಂದೇ ಹಿಟ್ಟಿನ ಅಂಗಡಿಗೆ, 35 ಡಾಲರಿನ ಎರಡು ನಮೂದುಗಳು ಕಂಡವು. ಎರಡು ಸಲ ಬರೆದಿರಬೇಕೆಂದು ಅವಳು ಒಂದನ್ನು ಅಳಿಸಲಿದ್ದಳು. ಎರಡೂ ನಿಜವೇ, ಒಂದೊಂದು ಕಾರ್ಡಿನಲ್ಲಿ ಒಂದೊಂದು ಖರೀದಿ. ಅಳಿಸಿದ್ದರೆ ಖರ್ಚು ಕುಗ್ಗಿ ಲಾಭ ಹಿಗ್ಗಿ, ಆ ಬಡಪಾಯಿ ಇಲ್ಲದ ಲಾಭಕ್ಕೆ ತೆರಿಗೆ ತೆರುತ್ತಿದ್ದ.

ಪಕ್ಕದ ಮೇಜಿನ ಹಿರಿಯರು ಒಂದು ಉಪಾಯ ಹೇಳಿದರು: “ಹೊಸ ಖಾತೆ ತೆರೆದು 760ನ್ನು ಒಂದೇ ನಮೂದಿನಲ್ಲಿ ಅದಕ್ಕೆ ದಾಟಿಸಿಬಿಡಮ್ಮ.” ಇದು ಗಾಯ ತೊಳೆಯದೆ ಪಟ್ಟಿ ಕಟ್ಟುವ ವೈದ್ಯ. ಇಂದಿನ ಬಾಕಿ ಸರಿಹೋದೀತು; ಹಳೆಯ ನಮೂದುಗಳೆಲ್ಲ ಬೆರೆತೇ ಇರುತ್ತವೆ, ಹಿಂದಿನ ಯಾವ ತಿಂಗಳ ಸ್ಟೇಟ್‌ಮೆಂಟೂ ತಾಳೆ ಬೀಳುವುದಿಲ್ಲ.

ಕಚೇರಿಯ ಗಣಕದಲ್ಲಿಯೇ ಲೆಕ್ಕವಿದ್ದು, ಹಿಂದಿನ ದಿನದ ಬ್ಯಾಕಪ್ ಪ್ರತಿಯಿದ್ದರೆ ಅದನ್ನು ಮರಳಿ ತಂದು ಒಂದು ದಿನದ ಕೆಲಸವನ್ನು ಪುನಃ ಬರೆದರಾಯಿತು. ಅವಳಿಗೆ ಆ ಭಾಗ್ಯವಿರಲಿಲ್ಲ. ಹೊಸ ಖಾತೆ ತೆರೆದಳು. ಎರಡು ಕಾರ್ಡುಗಳ ಸ್ಟೇಟ್‌ಮೆಂಟುಗಳನ್ನೂ ಮೊದಲ ತಿಂಗಳಿನಿಂದ ತರಿಸಿಕೊಂಡಳು. ಏಕೆಂದರೆ ಬೆರೆತದ್ದು ಆ ದಿನದ ನಂತರದ ನಮೂದುಗಳಷ್ಟೇ ಅಲ್ಲ, ಖಾತೆ ಹುಟ್ಟಿದಂದಿನಿಂದ ಇದ್ದವೆಲ್ಲವೂ. ಸ್ಟೇಟ್‌ಮೆಂಟಿನ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು, ಎರಡನೆಯ ಕಾರ್ಡಿಗೆ ಸೇರಿದ ಖರೀದಿಯನ್ನೂ ಹಿಂದಿರುಗಿಸಿದ ಮಾಲಿನ ಹಣವನ್ನೂ ಬಡ್ಡಿಯನ್ನೂ ಹೊಸ ಖಾತೆಗೆ ಬದಲಾಯಿಸಿದಳು. ಕಾರ್ಡಿನ ಸಾಲಕ್ಕೆಂದು ಬ್ಯಾಂಕಿನಿಂದ ಕಟ್ಟಿದ ಹಣವೇ ಹೆಚ್ಚು ಕಾಡಿದ್ದು: 500 ಡಾಲರು ಹೋದದ್ದು ಯಾವ ಕಾರ್ಡಿಗೆ? ಅದಕ್ಕೆ ಬ್ಯಾಂಕಿನ ಪಟ್ಟಿಯನ್ನು ಬೇರೆ ನೋಡಬೇಕಾಯಿತು. ಹಿಂದೆ ತಾಳೆ ನೋಡಿ ಮುಗಿಸಿದ್ದ ನಮೂದನ್ನು ಕದಲಿಸುವಾಗಲೆಲ್ಲ ಯಂತ್ರ ಎಚ್ಚರಿಸುತ್ತಿತ್ತು. ಮೊದಲ ದಿನ ಕೇಳಿದ ಪ್ರಶ್ನೆಗಿಂತ ಈ ಎಚ್ಚರಿಕೆಗಳನ್ನು ಅವಳು ಹೆಚ್ಚು ಶ್ರದ್ಧೆಯಿಂದ ಓದಿದಳು.

ಆಮೇಲೆ ತಿಂಗಳಿಂದ ತಿಂಗಳಿಗೆ ತಾಳೆ. ಮೂರನೆಯ ಸಂಜೆ ಮೊದಲ ಖಾತೆಯಲ್ಲಿ 35 ಡಾಲರು ಹೆಚ್ಚು, ಎರಡನೆಯದರಲ್ಲಿ 35 ಕಡಿಮೆ. ಅದೇ ಹಿಟ್ಟಿನ ಅಂಗಡಿಯ ಇನ್ನೊಂದು ನಮೂದು. ಅದನ್ನು ದಾಟಿಸಿದೊಡನೆ ಎರಡು ಕಡೆಯೂ ವ್ಯತ್ಯಾಸದ ಜಾಗದಲ್ಲಿ ಸೊನ್ನೆ ಕಾಣಿಸಿತು. ಅವಳು ಎರಡು ಖಾತೆಗಳ ಹೆಸರುಗಳನ್ನೂ ಮತ್ತೊಮ್ಮೆ ಓದಿ, ಈ ಸಲ ಏನನ್ನೂ ತಿದ್ದದೆ, ದೀಪವಾರಿಸಿ ಎದ್ದಳು.