ಮಕ್ಕಳಿಗೆ ಆಕಾಶ ತೋರಿಸುವವರು



ಮನೆಯ ಮೇಲಿಂದ ವಿಮಾನ ಹಾರಿ ಹೋದರೆ ಅಂಗಳಕ್ಕೆ ಓಡಿ ಬಾರದ ಮಗುವಿಲ್ಲ. ಅದು ಮರೆಯಾಗುವವರೆಗೆ ಕತ್ತೆತ್ತಿ ನೋಡಿ, ಕೊನೆಗೆ ಒಂದು ಪ್ರಶ್ನೆ ಕೇಳುತ್ತದೆ: "ಅಷ್ಟು ಭಾರದ ವಿಮಾನ ಕೆಳಗೆ ಬೀಳುವುದಿಲ್ಲವೇಕೆ?" ನಮ್ಮಲ್ಲಿ ಹೆಚ್ಚಿನವರ ಉತ್ತರ ಒಂದೇ: "ಮೊದಲು ಹೋಗಿ ಪಾಠ ಓದು." ಮಗು ಕೇಳಿದ್ದೂ ಪಾಠವೇ ಎಂಬುದು ನಮಗೆ ಹೊಳೆಯುವುದಿಲ್ಲ.

ಇದೇ ಪ್ರಶ್ನೆ ಕೇಳುವ ಮಕ್ಕಳನ್ನು ವಿಮಾನದಲ್ಲಿ ಕೂರಿಸಿಕೊಂಡು ಹೋಗಿ ಉತ್ತರ ಹೇಳುವವರ ಬಗ್ಗೆ ಈ ತಿಂಗಳು ನಿಮಗೆ ಹೇಳಬೇಕೆನಿಸಿದೆ. ಅವರು ಅಮೆರಿಕದವರು. ಅವರ ಕಾರ್ಯಕ್ರಮದ ಹೆಸರು 'ಯಂಗ್ ಈಗಲ್ಸ್', ಅಂದರೆ ಹದ್ದಿನ ಮರಿಗಳು. ಉರ್ದು ಬಲ್ಲ ಓದುಗರಿಗೆ ಈ ಹೆಸರು ಕೇಳಿದೊಡನೆ ಅಲ್ಲಾಮಾ ಇಕ್ಬಾಲರು ಯುವಕರಿಗೆ ಹೋಲಿಸಿದ ಶಾಹೀನ್ ಪಕ್ಷಿ ನೆನಪಾಗಬಹುದು.

1953ರಲ್ಲಿ ಪಾಲ್ ಪೊಬೆರೆಜ್ನಿ ಎಂಬವರು ಮಿಲ್ವಾಕಿ ನಗರದಲ್ಲಿ ಕೆಲವು ಗೆಳೆಯರನ್ನು ಸೇರಿಸಿ ಒಂದು ಸಂಘ ಕಟ್ಟಿದರು. ತಮ್ಮ ಮನೆಯ ಗ್ಯಾರೇಜಿನಲ್ಲೇ ಸಣ್ಣ ವಿಮಾನಗಳನ್ನು ತಯಾರಿಸಿ ಹಾರಿಸುವ ಹವ್ಯಾಸಿಗಳ ಕೂಟವದು. ಅದಕ್ಕೆ 'ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್' ಎಂದು ಹೆಸರಿಟ್ಟರು. ಇಂದು ಅದರ ಕೇಂದ್ರ ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಶ್ ಎಂಬ ಊರಿನಲ್ಲಿದೆ. ಸಂಘ ಬೆಳೆಯಿತು, ಆದರೆ ಸದಸ್ಯರ ತಲೆಯೂ ನರೆಯಿತು. ನಮ್ಮ ನಂತರ ಯಾರು ಎಂಬ ಚಿಂತೆ ಹುಟ್ಟಿತು. ಮುಂದೆ ಯಾವ ಕೆಲಸಕ್ಕೆ ಒತ್ತು ಕೊಡಬೇಕೆಂದು ಹಿರಿಯ ಸದಸ್ಯರನ್ನು ಕೇಳಿದಾಗ ಬಹುತೇಕರು ಮಕ್ಕಳತ್ತ ಬೆರಳು ತೋರಿಸಿದರು. ಹೀಗೆ 1992ರಲ್ಲಿ ಯಂಗ್ ಈಗಲ್ಸ್ ಆರಂಭವಾಯಿತು.

ಗುರಿ ಸಣ್ಣದಾಗಿರಲಿಲ್ಲ. ರೈಟ್ ಸಹೋದರರ ಮೊದಲ ಹಾರಾಟಕ್ಕೆ ನೂರು ವರ್ಷ ತುಂಬುವ 2003ರ ಡಿಸೆಂಬರ್ 17ರೊಳಗೆ 10 ಲಕ್ಷ ಮಕ್ಕಳನ್ನು ಉಚಿತವಾಗಿ ಹಾರಿಸುವುದು ಅವರ ಸಂಕಲ್ಪ. ಆ ಸಂಖ್ಯೆಯನ್ನು ಅವರು ಗಡುವಿನೊಳಗೇ ಮುಟ್ಟಿದರು. ಅಲ್ಲಿಗೆ ನಿಲ್ಲಿಸಲೂ ಇಲ್ಲ. 2016ರಲ್ಲಿ ಸಂಖ್ಯೆ 20 ಲಕ್ಷ ದಾಟಿತು. ಆ 20 ಲಕ್ಷದ ಹಾರಾಟವನ್ನು ನಡೆಸಿದವರು ಚಲನಚಿತ್ರ ನಟ ಹ್ಯಾರಿಸನ್ ಫೋರ್ಡ್. ಅವರೂ ಪೈಲಟ್, ಹಿಂದೆ ಈ ಕಾರ್ಯಕ್ರಮದ ಅಧ್ಯಕ್ಷರಾಗಿದ್ದವರು.

ಇಷ್ಟು ಮಕ್ಕಳನ್ನು ಹಾರಿಸಲು ಹಣ ಕೊಟ್ಟವರು ಯಾರು ಎಂದು ನೀವು ಕೇಳಬಹುದು. ಇದು ಸರಕಾರದ ಯೋಜನೆಯಲ್ಲ. ಪೈಲಟ್‌ಗಳೆಲ್ಲರೂ ಸ್ವಯಂಸೇವಕರು. ವಿಮಾನ ಅವರದು, ಇಂಧನದ ಖರ್ಚೂ ಅವರದೇ. ಸಣ್ಣ ವಿಮಾನವೊಂದನ್ನು ಬಾಡಿಗೆಗೆ ತೆಗೆದುಕೊಂಡರೆ ಅಲ್ಲಿ ಗಂಟೆಗೆ ನೂರು ಡಾಲರ್‌ಗಿಂತ ಹೆಚ್ಚು ಬೇಕಾಗುತ್ತದೆ. ಸಾಮಾನ್ಯ ಮನೆಯ ಮಗುವಿಗೆ ಇದು ಎಟುಕುವ ಮಾತೇ? ಆದ್ದರಿಂದಲೇ ಮೊದಲ ಹಾರಾಟಕ್ಕೆ ಮಗುವಿನಿಂದಾಗಲಿ ಹೆತ್ತವರಿಂದಾಗಲಿ ಒಂದು ಕಾಸನ್ನೂ ತೆಗೆದುಕೊಳ್ಳುವುದಿಲ್ಲ.

ಈಗ ಹಾರಾಟ ಹೇಗೆ ನಡೆಯುತ್ತದೆಂದು ನೋಡೋಣ. 8ರಿಂದ 17 ವರ್ಷದೊಳಗಿನ ಮಕ್ಕಳಿಗೆ ಅವಕಾಶ. ತಂದೆ ಅಥವಾ ತಾಯಿ, ಇಲ್ಲವೇ ಪೋಷಕರು ಸಹಿ ಮಾಡಿದ ಒಪ್ಪಿಗೆ ಪತ್ರ ಇರಲೇಬೇಕು. ಮಗುವನ್ನು ಸೀದಾ ಒಳಗೆ ಕೂರಿಸಿ ಹಾರಿಬಿಡುವುದಿಲ್ಲ. ಪೈಲಟ್ ಮೊದಲು ಮಗುವನ್ನು ಕರೆದುಕೊಂಡು ವಿಮಾನದ ಸುತ್ತ ಒಂದು ಸುತ್ತು ಬರುತ್ತಾರೆ. ರೆಕ್ಕೆಯ ಅಂಚಿನ ಚಲಿಸುವ ಭಾಗಗಳನ್ನು ಮುಟ್ಟಿ ತೋರಿಸುತ್ತಾರೆ. ಟ್ಯಾಂಕಿನಿಂದ ಸ್ವಲ್ಪ ಇಂಧನವನ್ನು ಪಾರದರ್ಶಕ ಲೋಟಕ್ಕೆ ಇಳಿಸಿ, ಅದರಲ್ಲಿ ನೀರು ಬೆರೆತಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾರೆ. ನಂತರ ಪಟ್ಟಿ ಹಿಡಿದು ಒಂದೊಂದನ್ನೇ ಪರೀಕ್ಷಿಸುತ್ತಾರೆ. ವರ್ಷಗಟ್ಟಲೆ ಹಾರಿದವರೂ ಈ ಪಟ್ಟಿಯನ್ನು ಬಿಡುವಂತಿಲ್ಲ. ಅನುಭವವಿದ್ದವನಿಗೂ ಮರೆವು ಇದೆ ಎಂಬ ವಿನಯದ ಪಾಠ ಮಗುವಿಗೆ ನೆಲದ ಮೇಲೆಯೇ ಸಿಗುತ್ತದೆ.

ಅಂಗಳದ ಪ್ರಶ್ನೆಗೂ ಉತ್ತರ ಅಲ್ಲೇ ದೊರೆಯುತ್ತದೆ. ವೇಗವಾಗಿ ಮುನ್ನುಗ್ಗುವ ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ. ಓಡುವ ಬಸ್ಸಿನ ಕಿಟಕಿಯಿಂದ ಗಾಳಿಗೆ ಅಂಗೈ ಓರೆಯಾಗಿ ಹಿಡಿದರೆ ಕೈ ಮೇಲೇಳುವುದಿಲ್ಲವೇ, ಹಾಗೆ. (ಹೀಗೆ ಮಾಡಿ ನೋಡಲು ಮಕ್ಕಳಿಗೆ ಹೇಳಬೇಡಿ, ಫ್ಯಾನಿನ ಮುಂದೆ ಕಾಗದ ಹಿಡಿದು ತೋರಿಸಿ.)

ಹಾರಾಟ ಸುಮಾರು 15ರಿಂದ 20 ನಿಮಿಷ. ಕಸರತ್ತು, ಸಾಹಸಗಳಿಗೆ ಅವಕಾಶವಿಲ್ಲ. ಇಳಿದ ಮೇಲೆ ಮಗುವಿನ ಹೆಸರಿರುವ ಪ್ರಮಾಣಪತ್ರ ಮತ್ತು ಹಾರಾಟ ದಾಖಲಿಸುವ ಪುಟ್ಟ ಪುಸ್ತಕ ಸಿಗುತ್ತದೆ. ಆಸಕ್ತಿ ಉಳಿದವರಿಗೆ ಇಂಟರ್‌ನೆಟ್ ಮೂಲಕ ಉಚಿತ ಪಾಠಗಳಿವೆ.

ತಾಯಂದಿರ ಮನಸ್ಸಿನಲ್ಲಿ ಏಳುವ ಭಯ ನನಗೆ ಅರ್ಥವಾಗುತ್ತದೆ. ಅದು ಸುಳ್ಳು ಭಯವೂ ಅಲ್ಲ. ಸಣ್ಣ ವಿಮಾನದ ಹಾರಾಟ ದೊಡ್ಡ ಪ್ರಯಾಣಿಕ ವಿಮಾನದಷ್ಟು ಸುರಕ್ಷಿತವಲ್ಲ. ಅಪರಿಚಿತ ವ್ಯಕ್ತಿಯ ಕೈಗೆ ಮಗುವನ್ನು ಒಪ್ಪಿಸುವ ಪ್ರಶ್ನೆಯೂ ಇದೆ. ಇದನ್ನು ಸಂಘ ಹಗುರವಾಗಿ ತೆಗೆದುಕೊಂಡಿಲ್ಲ. ಪೈಲಟ್‌ನ ಪರವಾನಗಿ ಮತ್ತು ಅರ್ಹತೆಗಳು ಚಾಲ್ತಿಯಲ್ಲಿರಬೇಕು. ಮಕ್ಕಳ ರಕ್ಷಣೆಯ ಕುರಿತು ತರಬೇತಿ ಪಡೆದಿರಬೇಕು, ಅವರ ಹಿನ್ನೆಲೆಯ ತಪಾಸಣೆ ಆಗಿರಬೇಕು. ಮಕ್ಕಳ ನಡುವೆ ಸೇವೆ ಮಾಡುವ ನಮ್ಮ ಸಂಘ ಸಂಸ್ಥೆಗಳು ಈ ಒಂದು ನಿಯಮವನ್ನಾದರೂ ಗಮನಿಸಬೇಕು. ಒಳ್ಳೆಯ ಉದ್ದೇಶವಿದ್ದರೆ ಸಾಲದು, ಆ ಉದ್ದೇಶದ ಸುತ್ತ ಬೇಲಿಯೂ ಇರಬೇಕು.

ಇಷ್ಟಕ್ಕೂ 20 ನಿಮಿಷದಿಂದ ಏನಾಗುತ್ತದೆ? ಯಂಗ್ ಈಗಲ್ಸ್‌ನಲ್ಲಿ ಹಾರಿದ ಮಕ್ಕಳು ಮುಂದೆ ಪೈಲಟ್ ಆಗುವ ಸಾಧ್ಯತೆ ಇತರರಿಗಿಂತ ಐದು ಪಟ್ಟಿಗೂ ಹೆಚ್ಚು ಎಂದು ಸಂಘವೇ ಲೆಕ್ಕ ಹಾಕಿ ಹೇಳಿದೆ. ಈ ಲೆಕ್ಕವನ್ನು ಸ್ವಲ್ಪ ಎಚ್ಚರದಿಂದ ನೋಡಬೇಕು. ಮೊದಲೇ ಆಸಕ್ತಿಯಿದ್ದ ಮಕ್ಕಳೇ ಅಲ್ಲಿಗೆ ಹೆಚ್ಚಾಗಿ ಬಂದಿರಬಹುದಲ್ಲವೇ? ಹಾರಿದ ಲಕ್ಷಾಂತರ ಮಕ್ಕಳಲ್ಲಿ ಬಹುಪಾಲು ಪೈಲಟ್ ಆಗಿಲ್ಲ ಎಂಬುದೂ ನಿಜ. ಆದರೆ ಆ 20 ನಿಮಿಷ ವ್ಯರ್ಥವಾಯಿತೆಂದು ನನಗನಿಸುವುದಿಲ್ಲ. ಇಷ್ಟು ದೊಡ್ಡ ಯಂತ್ರದ ಬಳಿ ನಿಂತು ಪ್ರಶ್ನೆ ಕೇಳುವ ಹಕ್ಕು ತನಗೂ ಇದೆ ಎಂದು ಆ ಮಗುವಿಗೆ ತಿಳಿಯಿತು. ಹಿರಿಯರೊಬ್ಬರು ಗದರದೆ ಉತ್ತರಿಸಿದರು. ಇದು ಸಣ್ಣ ಗಳಿಕೆಯಲ್ಲ.

2009ರ ಜನವರಿ 15ರಂದು ನ್ಯೂಯಾರ್ಕ್‌ನಲ್ಲಿ ಹಕ್ಕಿಗಳು ಬಡಿದು ವಿಮಾನವೊಂದರ ಎರಡೂ ಎಂಜಿನ್‌ಗಳು ಶಕ್ತಿ ಕಳೆದುಕೊಂಡವು. ಕ್ಯಾಪ್ಟನ್ ಸಲನ್‌ಬರ್ಗರ್ ಅದನ್ನು ಹಡ್ಸನ್ ನದಿಯ ಮೇಲೆ ಇಳಿಸಿದರು, ಅದರಲ್ಲಿದ್ದ 155 ಜನರೂ ಬದುಕಿ ಉಳಿದರು. ಇಡೀ ಜಗತ್ತು ಅವರನ್ನು ಕೊಂಡಾಡಿತು. ಈ ಕ್ಯಾಪ್ಟನ್ 16ನೇ ವಯಸ್ಸಿನಲ್ಲಿ ಹಾರಲು ಕಲಿತದ್ದು ಟೆಕ್ಸಾಸಿನ ಹಳ್ಳಿಗಾಡಿನ ಹುಲ್ಲಿನ ಓಡುದಾರಿಯಲ್ಲಿ, ಹೊಲಗಳಿಗೆ ಔಷಧಿ ಸಿಂಪಡಿಸುತ್ತಿದ್ದ ಒಬ್ಬ ಪೈಲಟ್‌ನಿಂದ. ಹಡ್ಸನ್ ಘಟನೆಯ ವರ್ಷವೇ ಅವರು ಮತ್ತು ಅವರ ಸಹ ಪೈಲಟ್ ಜೆಫ್ ಸ್ಕೈಲ್ಸ್ ಯಂಗ್ ಈಗಲ್ಸ್‌ನ ಅಧ್ಯಕ್ಷತೆ ವಹಿಸಿಕೊಂಡು 2013ರವರೆಗೆ ನಡೆಸಿದರು. ಕಲಿಸಿದವನ ಋಣವನ್ನು ಹೀಗೂ ತೀರಿಸಬಹುದು.

ಓದುಗರೇ, ನಮ್ಮಲ್ಲಿ ಸ್ವಂತ ವಿಮಾನ ಇರುವವರು ಎಷ್ಟು ಮಂದಿ? ಆದರೆ ಪ್ರತಿಯೊಬ್ಬರಿಗೂ ಒಂದು ಕಸುಬು ಇದೆ. ನೀವು ಮೆಕ್ಯಾನಿಕ್ ಆಗಿರಬಹುದು, ನರ್ಸ್ ಆಗಿರಬಹುದು, ಟೈಲರ್ ಆಗಿರಬಹುದು, ವಕೀಲರೋ ಬಡಗಿಯೋ ಆಗಿರಬಹುದು. ಗಲ್ಫಿನಿಂದ ರಜೆಯಲ್ಲಿ ಬಂದ ಮಾಮ ಅಲ್ಲಿ ಕ್ರೇನ್ ನಡೆಸುವವರಾಗಿರಬಹುದು. ಹುಡುಗನಿಗೆ ಚಾಕೊಲೇಟ್ ತಂದುಕೊಟ್ಟ ಅವರು ಕ್ರೇನ್ ಹೇಗೆ ಭಾರ ಎತ್ತುತ್ತದೆಂದು ಚಿತ್ರ ಬರೆದು ವಿವರಿಸಿದ್ದಾರೆಯೇ? ಹುಡುಗಿಯೂ ಪಕ್ಕದಲ್ಲಿ ಕೂತು ಕೇಳಲು ನಾವು ಬಿಟ್ಟಿದ್ದೇವೆಯೇ?

ಬರುವ ರಜೆಯಲ್ಲಿ ನೆರೆಮನೆಯ ಅಥವಾ ಬಂಧುಗಳ ಒಂದು ಮಗುವನ್ನು ಹೆತ್ತವರ ಒಪ್ಪಿಗೆ ಪಡೆದು ನಿಮ್ಮ ಕೆಲಸದ ಜಾಗಕ್ಕೆ ಒಂದು ಗಂಟೆ ಕರೆದುಕೊಂಡು ಹೋಗಿ. ಹೆತ್ತವರೂ ಜೊತೆಗೆ ಬಂದರೆ ಇನ್ನೂ ಒಳ್ಳೆಯದು. ಉಪಕರಣಗಳನ್ನು ಮುಟ್ಟಿಸಿ, ಹೆಸರು ಹೇಳಿ, ಕೇಳಿದ್ದಕ್ಕೆ ಉತ್ತರ ಕೊಡಿ. ನಿಮಗೆ ಉತ್ತರ ಗೊತ್ತಿಲ್ಲದಿದ್ದರೆ "ಇಬ್ಬರೂ ಸೇರಿ ತಿಳಿದುಕೊಳ್ಳೋಣ" ಎನ್ನಿ. ಇದಕ್ಕೆ ಇಂಧನದ ಖರ್ಚೂ ಇಲ್ಲ.