ಹಟ್ಟಿಯ ಪದಗಳ ಒಡೆತನ

ಚಿತ್ರದುರ್ಗದ ಸೀಮೆಯಲ್ಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಗೊಲ್ಲರಹಟ್ಟಿಗಳಿಂದ ಪೇಟೆಗೆ ಬರುವ ಪದಾರ್ಥಗಳಿಗೆಲ್ಲ ಒಂದೊಂದು ಬೆಲೆಯುಂಟು. ಹಾಲಿಗೆ ಅಳತೆಯುಂಟು, ತುಪ್ಪಕ್ಕೆ ತೂಕವುಂಟು, ಕುರಿಗೆ ಕ್ರಯವುಂಟು. ಬೆಲೆಯಿಲ್ಲದೆ, ಕೇಳುವವರಿಲ್ಲದೆ ಒಯ್ಯಲ್ಪಡುವುದು ಒಂದೇ ಒಂದು. ಅದು ಹಟ್ಟಿಯ ಪದ. ಮದುವೆಯ ಚಪ್ಪರದಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ, ಧ್ವನಿಸುರುಳಿಯಲ್ಲಿ, ಚಲನಚಿತ್ರದಲ್ಲಿ ಇಂತಹ ಪದಗಳು ಕೇಳಿಬರುತ್ತವೆ. ರಾಗ ಹಾಕಿದವರ ಹೆಸರುಂಟು, ಹಣ ಹೂಡಿದವರ ಹೆಸರುಂಟು. ಪದ ಕೊಟ್ಟವರ ಹೆಸರಿರಬೇಕಾದ ಸ್ಥಳದಲ್ಲಿ ಮಾತ್ರ "ಜನಪದ" ಎಂಬ ನಾಲ್ಕಕ್ಷರವನ್ನು ಬರೆದು ಕೈತೊಳೆದುಕೊಳ್ಳುವುದು ವಾಡಿಕೆಯಾಗಿದೆ. ಈ ವಾಡಿಕೆಯು ಅನ್ಯಾಯವಾದುದು.

ಹೀಗೆ ಒಯ್ಯಲ್ಪಡುವ ವಸ್ತುವು ಸಾಮಾನ್ಯವಾದುದಲ್ಲ. ಕಾಡುಗೊಲ್ಲರು ತಮ್ಮ ಕುಲದ ವೀರನಾದ ಜುಂಜಪ್ಪನ ಕಥೆಯನ್ನು ಮಹಾಕಾವ್ಯವಾಗಿ ಬೆಳೆಸಿ, ಗಣೆಯೆಂಬ ಉದ್ದನೆಯ ಬಿದಿರಿನ ಕೊಳಲನ್ನು ಅವನ ಹೆಸರಿನೊಡನೆ ಬೆಸೆದು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದಾರೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯು ಓದುಬರಹವನ್ನರಿಯದವಳು. ಆದರೂ ಸಾವಿರಾರು ಪದಗಳನ್ನು ಕಂಠದಲ್ಲಿ ಧರಿಸಿದ್ದವಳು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಆಕೆಗೆ ನಾಡೋಜ ಪದವಿಯನ್ನಿತ್ತಿತು. ಕೃಷ್ಣಮೂರ್ತಿ ಹನೂರರಂತಹ ವಿದ್ವಾಂಸರು ಆಕೆಯ ಪದಗಳನ್ನು ಆಕೆಯ ಹೆಸರಿನೊಡನೆಯೇ ಬೆಳಕಿಗೆ ತಂದರು. ಹೆಸರು ಹೇಳಿ ಸಂಗ್ರಹಿಸುವುದು ಸಾಧ್ಯವೆಂಬುದಕ್ಕೆ ಬೇರೆ ಪ್ರಮಾಣವೇಕೆ?

ಇಲ್ಲಿ ಪೂರ್ವಪಕ್ಷಿಗಳು ಎರಡು ಮಾತುಗಳನ್ನು ಮುಂದಿಡುವರು. ಜಾನಪದಕ್ಕೆ ಕರ್ತೃವೇ ಇಲ್ಲ, ಆದುದರಿಂದ ಅದು ಸರ್ವರ ಸ್ವತ್ತು ಎಂಬುದು ಮೊದಲನೆಯದು. ಕರ್ತೃ ಇಲ್ಲದಿರುವುದು ಬೇರೆ, ಕರ್ತೃವನ್ನು ವಿಚಾರಿಸದಿರುವುದು ಬೇರೆ. ಮೊದಲು ಕಟ್ಟಿದವಳು ಯಾರೆಂದು ತಿಳಿಯದಿದ್ದರೂ ಕಾಪಾಡಿದ ಕುಲವು ತಿಳಿದಿದೆ, ಹಟ್ಟಿಯು ತಿಳಿದಿದೆ, ಇಂದು ಹಾಡಿಕೊಟ್ಟವಳು ಕಣ್ಣೆದುರಿಗೇ ಕುಳಿತಿದ್ದಾಳೆ. ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಶಬ್ದಹರಣ, ಅರ್ಥಹರಣಗಳನ್ನು ವಿಸ್ತಾರವಾಗಿ ವಿಚಾರಿಸಿ, ಪರರ ಉಕ್ತಿಯನ್ನು ಮುಚ್ಚಿಟ್ಟು ಬಳಸುವವನಿಗೆ ಆಚ್ಛಾದಕನೆಂದು ಹೆಸರಿಟ್ಟನು. ಒಬ್ಬ ಕವಿಯು ಇನ್ನೊಬ್ಬ ಕವಿಯ ಪದವನ್ನು ಮುಚ್ಚಿದರೆ ದೋಷವಾಗುವುದಾದರೆ, ಒಂದು ಕುಲದ ಕಾವ್ಯವನ್ನೇ ನಾಲ್ಕಕ್ಷರದಿಂದ ಮುಚ್ಚುವುದು ಗುಣವಾಗುವುದು ಹೇಗೆ?

ವಿದ್ಯೆಯು ಹಂಚಿದಷ್ಟೂ ಬೆಳೆಯುವುದು, ಅದಕ್ಕೆ ಒಡೆತನವೇಕೆ ಎಂಬುದು ಎರಡನೆಯ ಮಾತು. ಕೊಡುವವನಿದ್ದರೆ ತಾನೆ ದಾನ? ಕೇಳದೆ ಎತ್ತಿಕೊಂಡುದಕ್ಕೆ ದಾನವೆಂಬ ಹೆಸರು ಯಾವ ಧರ್ಮಶಾಸ್ತ್ರದಲ್ಲಿಯೂ ಇಲ್ಲ. ಇದಲ್ಲದೆ, ಈ ಮಾತನ್ನಾಡುವವರು ಯಾರೆಂಬುದನ್ನೂ ನೋಡಬೇಕು. ತಮ್ಮ ವೇದಶಾಸ್ತ್ರಗಳಿಗೆ ಶತಮಾನಗಳ ಕಾಲ ಬೇಲಿ ಹಾಕಿ ಕಾದವರ ಮನೆಗಳಲ್ಲಿಯೇ ಇಂದು ಹಟ್ಟಿಯ ವಿದ್ಯೆಯು ಗೋಮಾಳವೆಂಬ ಉದಾರವಾದವು ಕೇಳಿಬರುತ್ತಿದೆ. ಗೋಮಾಳದಲ್ಲಿಯಾದರೂ ಊರ ದನಗಳಿಗೆ ಮೊದಲ ಹಕ್ಕುಂಟೆಂಬುದನ್ನು ಅವರು ಮರೆತರು.

ಈ ಅನ್ಯಾಯವು ಈ ಸೀಮೆಗೆ ಮಾತ್ರ ಸೇರಿದುದಲ್ಲ. ದಕ್ಷಿಣ ಆಫ್ರಿಕದ ಜುಲು ಗಾಯಕನಾದ ಸಾಲೊಮನ್ ಲಿಂಡನು 1939ರಲ್ಲಿ "ಎಂಬೂಬೆ" ಎಂಬ ಹಾಡನ್ನು ಮುದ್ರಿಸಿದನು. ಅದು ಅಮೆರಿಕವನ್ನು ಸೇರಿ, ಬಿಳಿಯ ಗಾಯಕರ ಬಾಯಲ್ಲಿ ಜಗತ್ಪ್ರಸಿದ್ಧವಾಗಿ, 1994ರಲ್ಲಿ ಸಿಂಹದ ಕಥೆಯ ಚಿತ್ರವೊಂದರಲ್ಲಿಯೂ ಮೊಳಗಿತು. ಹಾಡು ಹಣದ ಹೊಳೆಯನ್ನೇ ಹರಿಸಿತು. ಲಿಂಡನು 1962ರಲ್ಲಿ ಬಡವನಾಗಿಯೇ ತೀರಿಹೋದನು. ಅವನ ಹೆಣ್ಣುಮಕ್ಕಳು ನ್ಯಾಯಸ್ಥಾನದ ಮೆಟ್ಟಿಲನ್ನೇರಿದ ಮೇಲೆ 2006ರಲ್ಲಿ ರಾಜಿಯಾಗಿ, ಪಾಲು ದೊರೆಯಿತು. ಆ ಹಾಡಿಗೂ ಕರ್ತೃವಿಲ್ಲವೆಂಬ ಸೋಗನ್ನೇ ಮೊದಲು ಹಾಕಲಾಗಿತ್ತೆಂಬುದು ಗಮನಾರ್ಹವು. ಕಪ್ಪುಜನರು ತಮ್ಮ ಹಾಡು, ಕುಣಿತ, ವೇಷಗಳ ಒಡೆತನವನ್ನು ಮರಳಿ ಕೇಳುತ್ತಿರುವುದು ಇಂತಹ ಅನುಭವದಿಂದಲೇ. ಹಾಡು ಬೇಕು, ಹಾಡಿದವನು ಬೇಡ ಎಂಬ ರೀತಿಯು ಅಲ್ಲಿ ಹೇಗೋ ಇಲ್ಲಿಯೂ ಹಾಗೆಯೇ.

ಕಾನೂನು ಸಾಕಷ್ಟು ನೆರವಿಗೆ ಬಂದಿಲ್ಲ. 1957ರ ಕೃತಿಸ್ವಾಮ್ಯ ಶಾಸನವು ಕರ್ತೃವಿನ ಜೀವಮಾನಕ್ಕೂ ಆ ಮೇಲಿನ 60 ವರ್ಷಗಳಿಗೂ ರಕ್ಷಣೆ ಕೊಡುವುದು. ಕುಲವೊಂದು ಸೇರಿ ಕಟ್ಟಿದ ಕಾವ್ಯವನ್ನು ಅದು ಗುರುತಿಸದು. 1994ರಲ್ಲಿ ಹಾಡುವವರಿಗೆ ಪ್ರದರ್ಶನದ ಹಕ್ಕು ಬಂದಿತು. 2012ರ ತಿದ್ದುಪಡಿಯು ಅವರ ಹೆಸರನ್ನು ಹೇಳಿಸಿಕೊಳ್ಳುವ ಹಕ್ಕನ್ನೂ ಸೇರಿಸಿತು. ಆದರೆ ಹಟ್ಟಿಯ ಅಜ್ಜಿಗೆ ಈ ಹಕ್ಕನ್ನು ತಿಳಿಸಿದವರು ಯಾರು? ಇದೇ ಜಿಲ್ಲೆಯ ಮೊಳಕಾಲ್ಮುರಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕದ ನೋಂದಣಿಯಾಗಿ, ಅನ್ಯರು ಆ ಹೆಸರನ್ನು ಬಳಸದಂತೆ ಕಟ್ಟಾಯಿತು. ನೂಲಿಗೆ ದೊರೆತ ಮಾನವು ನುಡಿಗೆ ದೊರೆಯಬೇಡವೆ?

ಕಾನೂನು ಬರುವವರೆಗೆ ಕಾಯಬೇಕಾದುದಿಲ್ಲ. ಸಜ್ಜನರ ನಡತೆಯೇ ಕಾನೂನಾಗಬಹುದು. ಪದವನ್ನು ಅಚ್ಚು ಮಾಡುವಾಗಲೂ ಧ್ವನಿಮುದ್ರಿಸುವಾಗಲೂ ಹಾಡಿದವರ ಹೆಸರನ್ನೂ ಹಟ್ಟಿಯ ಹೆಸರನ್ನೂ ಹೇಳತಕ್ಕದ್ದು. ದೇವರ ಪದಗಳನ್ನು ಹಿರಿಯರ ಒಪ್ಪಿಗೆಯಿಲ್ಲದೆ ರಂಗಕ್ಕೆ ತರಕೂಡದು. ಲಾಭ ಬಂದಲ್ಲಿ ಪಾಲು ಸಲ್ಲತಕ್ಕದ್ದು. ಮುದ್ರಿಸಿಕೊಂಡುದರ ಪ್ರತಿಯೊಂದು ಹಟ್ಟಿಗೇ ಮರಳತಕ್ಕದ್ದು. ಅಲ್ಲಿಯ ಮಕ್ಕಳು ತಮ್ಮ ಅಜ್ಜಿಯ ಪದವನ್ನು ಪೇಟೆಯವರಿಂದ ಕಲಿಯುವ ದುರ್ಗತಿ ಬರಬಾರದು. ಜಿಲ್ಲೆಯ ಸಾಹಿತ್ಯಸಂಸ್ಥೆಗಳೂ ಪತ್ರಿಕೆಗಳೂ, ಈ ಪತ್ರಿಕೆಯೂ ಸೇರಿ, ಹೆಸರಿಲ್ಲದ ಪದವನ್ನು ಅಚ್ಚಿಸೆವೆಂದು ನಿಯಮ ಮಾಡಿಕೊಳ್ಳುವುದಾದರೆ ಕಾರ್ಯವು ಅರ್ಧ ನೆರವೇರಿದಂತೆ.

ಉಳಿದರ್ಧವು ಗೃಹಸ್ಥರದು. ಪದವನ್ನು ನಡುಮನೆಯಲ್ಲಿ ಮೆರೆಸಿ, ಪದ ಹೇಳಿದವಳನ್ನು ಜಗಲಿಯ ಆಚೆಗೇ ನಿಲ್ಲಿಸುವವರು ಹಟ್ಟಿಯ ಸಂಪತ್ತನ್ನು ಪ್ರೀತಿಸುವವರಲ್ಲ, ಭೋಗಿಸುವವರು ಮಾತ್ರ. ಪದವು ಬೇಕಾದರೆ ಪದದ ಒಡತಿಯೂ ಬೇಕು. ಆಕೆಗೆ ಮಣೆ ಹಾಕಿದ ಮೇಲೆ ಹಾಡನ್ನು ಕೇಳುವುದು ಧರ್ಮ.