ಎರಡು ಫೋನು, ಒಂದು ಸಂಸಾರ
ಜಯನಗರ ನಾಲ್ಕನೇ ಬ್ಲಾಕಿನ ಸೊಪ್ಪಿನ ಗಾಡಿ ಮುಂದೆ ‘ನಾನಾಗಲೇ ಸ್ಕ್ಯಾನ್ ಮಾಡಿದೆ ಕಣ್ರೀ’ ಅನ್ನುವಷ್ಟರಲ್ಲಿ ಯಜಮಾನರೂ ದುಡ್ಡು ಕಳಿಸಿರುತ್ತಾರೆ. ಇಬ್ಬರಿಗೂ ಸಂಬಳ, ಇಬ್ಬರಿಗೂ ಯುಪಿಐ. ಲೆಕ್ಕ ಮಾತ್ರ ಯಾರ ಹತ್ತಿರವೂ ಇಲ್ಲ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದಾಗ ಊರೆಲ್ಲ ಗೊಣಗಿತು. ದಿನಕ್ಕೆರಡು ಲೀಟರಿನ ಮನೆಗೆ ತಿಂಗಳಿಗೆ ಹೆಚ್ಚಾದದ್ದು 240 ರೂಪಾಯಿ. ರಾತ್ರಿ ಹತ್ತಕ್ಕೆ ಬಾಗಿಲಿಗೆ ಬರುವ ಐಸ್‌ಕ್ರೀಮಿಗೆ ಅದಕ್ಕಿಂತ ಜಾಸ್ತಿ ಹೋದರೂ ಯಾರೂ ತುಟಿಪಿಟಕ್ಕೆನ್ನರು! ಒಂದನೇ ತಾರೀಖು ಜಂಟಿ ಖಾತೆಗೆ ಇಬ್ಬರೂ ಹಾಕಿ, ಬಾಡಿಗೆ, ಹಾಲು, ದಿನಸಿ ಅದರಿಂದಲೇ ಕಟ್ಟುವುದು ವಾಸಿ. ಹೆಚ್ಚು ದುಡಿಯುವವರು ಹೆಚ್ಚು ಹಾಕಲಿ. ಮಿಕ್ಕಿದ್ದು ಅವರವರ ಖುಷಿ, ಅದಕ್ಕೆ ಪ್ರಶ್ನೆ ಬೇಡ. ಗೃಹಜ್ಯೋತಿ ಉಚಿತ ವಿದ್ಯುತ್ತಿನ 200 ಯೂನಿಟ್ ಮಿತಿ ದಾಟಿ ಪೂರ್ತಿ ಬಿಲ್ ಬಂದ ತಿಂಗಳು ಎಸಿ ಹಾಕಿದ್ದು ಯಾರೆಂಬ ವಿಚಾರಣೆ ಬೇಕಾದರೆ ನಡೆಸಿಕೊಳ್ಳಿ.